ವಿಎಂ ಹೋಸ್ಟ್‌ಗೆ ಸೆಕ್ಯುರಿಟಿ ಪ್ಯಾಚ್: ಜಾಗ ಮಾಡುವುದರಿಂದ ಖಾತ್ರಿ ಮಾಡಿಕೊಳ್ಳುವವರೆಗೆ

ಎಕ್ಸೆಲ್ ಶೀಟ್‌ನಲ್ಲಿ ಒಂದು ಹೋಸ್ಟ್‌ನ (ವರ್ಚುವಲ್ ಮಷೀನ್, ಅಂದರೆ ವಿಎಂಗಳನ್ನು ಓಡಿಸುವ ಸರ್ವರ್‌ನ) ಮುಂದೆ ‘ಪ್ಯಾಚ್ ಆಗಿದೆ’ ಅಂತ ಹಸಿರು ಬಣ್ಣ ಬಳಿದಿತ್ತು. ಲಾಗಿನ್ ಆಗಿ ನೋಡಿದೆ. ವಿಎಂಗಳನ್ನು ಓಡಿಸುವ ಕ್ಯೂಎಮು ಅನ್ನುವ ಸಾಫ್ಟ್‌ವೇರ್‌ನ ಪ್ಯಾಕೇಜ್ ಹೊಸದೇ ಇತ್ತು, ಸುಳ್ಳೇನಲ್ಲ. ಆದರೆ ಅದರ ಮೇಲೆ ಓಡುತ್ತಿದ್ದ ಹನ್ನೊಂದು ವಿಎಂಗಳಲ್ಲಿ ಒಂಬತ್ತು ಏಳು ತಿಂಗಳಿಂದ ಆಫ್ ಆಗಿಯೇ ಇರಲಿಲ್ಲ. ಅವು ಏಳು ತಿಂಗಳ ಹಿಂದಿನ ಕ್ಯೂಎಮುವನ್ನೇ ಮೆಮೊರಿಯಲ್ಲಿ ಇಟ್ಟುಕೊಂಡು ಕೂತಿದ್ದವು. ಡಿಸ್ಕ್‌ನಲ್ಲಿ ಸೆಕ್ಯುರಿಟಿಯ ತೂತು ಮುಚ್ಚಿತ್ತು, ಮೆಮೊರಿಯಲ್ಲಿ ಬಾಯಿ ತೆರೆದುಕೊಂಡೇ ಇತ್ತು.

ಹೋಸ್ಟ್ ಪ್ಯಾಚಿಂಗ್‌ನಲ್ಲಿ ನಾನು ಕಂಡ ತಪ್ಪುಗಳು ಹೆಚ್ಚಿನವು ಇದೇ ಜಾತಿಯವು. ಪ್ಯಾಚ್ ಹಾಕುವುದು ಹತ್ತು ಹದಿನೈದು ನಿಮಿಷದ ಕೆಲಸ. ಹೋಸ್ಟ್ ಖಾಲಿ ಮಾಡುವುದು, ಆಮೇಲೆ ಹಳೇ ಕೋಡ್ ನಿಜವಾಗಿ ಮೆಮೊರಿಯಿಂದ ಹೋಯ್ತಾ ಅಂತ ನೋಡುವುದು, ಇಲ್ಲೇ ಸಮಯ ಹೋಗುವುದು. ಹಾಗಾಗಿ ಇಲ್ಲಿ ಬಟನ್ ಒತ್ತುವ ಭಾಗ ಕಮ್ಮಿ, ಅದರ ಹಿಂದೆ ಮುಂದಿನದ್ದೇ ಜಾಸ್ತಿ. ವಿಎಂ ಓಡಿಸುವ ಸಾಫ್ಟ್‌ವೇರ್‌ಗಳಲ್ಲಿ ಮುಖ್ಯವಾಗಿ ವಿಎಂವೇರ್‌ನ ಇಎಸ್‌ಎಕ್ಸ್‌ಐ ಮತ್ತು ಕ್ಯೂಎಮು ಬಳಸುವ ಪ್ರಾಕ್ಸ್‌ಮಾಕ್ಸ್ ಬಗ್ಗೆ ಬರೆದಿದ್ದೇನೆ. ಮೈಕ್ರೋಸಾಫ್ಟ್‌ನ ಹೈಪರ್-ವಿ ಬಗ್ಗೆಯೂ ಸ್ವಲ್ಪ ಇದೆ.

ಹೋಸ್ಟ್‌ನ ತೂತು ಯಾಕೆ ಬೇರೆ

ಹೋಸ್ಟ್ ಅಂದರೆ ಒಂದು ವಠಾರ ಅಂದುಕೊಳ್ಳಿ. ವಿಎಂಗಳು ಅದರೊಳಗಿನ ಮನೆಗಳು. ಒಂದು ಮನೆಗೆ ಕಳ್ಳ ನುಗ್ಗಿದರೆ ಆ ಮನೆಗಷ್ಟೇ ನಷ್ಟ. ಅವನು ಒಳಗಿನಿಂದ ಗೋಡೆ ಕೊರೆದರೆ ವಠಾರವೇ ಅವನದು. ಹೀಗೆ ಕೊರೆಯಲು ಆಗುವ ತೂತಿಗೆ ನಮ್ಮಲ್ಲಿ ‘ವಿಎಂ ಎಸ್ಕೇಪ್’ ಅನ್ನುತ್ತಾರೆ.

ಹಳೇ ಉದಾಹರಣೆ ವೆನಮ್. 2015ರ ಮೇನಲ್ಲಿ ಸೆಕ್ಯುರಿಟಿ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಜೇಸನ್ ಗೆಫ್ನರ್ ಇದನ್ನು ಹೊರಹಾಕಿದರು. ತಪ್ಪು ಇದ್ದದ್ದು ಕ್ಯೂಎಮುವಿನ ವರ್ಚುವಲ್ ಫ್ಲಾಪಿ ಡಿಸ್ಕ್ ಕಂಟ್ರೋಲರ್‌ನಲ್ಲಿ. ಆ ಕೋಡ್ 2004ರಿಂದಲೇ ಅಲ್ಲಿತ್ತು. 2015ರಲ್ಲಿ ಫ್ಲಾಪಿ ಯಾರು ಬಳಸುತ್ತಿದ್ದರು ಅಂತ ನಗಬಹುದು. ಆದರೆ ಫ್ಲಾಪಿ ಡ್ರೈವ್ ತೆಗೆದುಹಾಕಿದ್ದರೂ ಝೆನ್ (ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್) ಮತ್ತು ಕ್ಯೂಎಮುವಿನಲ್ಲಿ ಆ ಕೋಡ್ ಜೀವಂತವಾಗಿಯೇ ಇರುತ್ತಿತ್ತು. ‘ನಾವು ಅದನ್ನು ಬಳಸುವುದೇ ಇಲ್ಲ’ ಅನ್ನುವ ವಾದ ನನಗೆ ಅವತ್ತಿನಿಂದ ರುಚಿಸುವುದಿಲ್ಲ.

ಹೊಸ ಉದಾಹರಣೆ 2025ರ ಮಾರ್ಚ್ 4ರದ್ದು. ವಿಎಂವೇರ್‌ನ ಈಗಿನ ಒಡೆಯ ಬ್ರಾಡ್‌ಕಾಮ್ ಅವತ್ತು ಮೂರು ತೂತುಗಳ ಬಗ್ಗೆ ಒಟ್ಟಿಗೆ ಅಡ್ವೈಸರಿ (ಎಚ್ಚರಿಕೆಯ ಪ್ರಕಟಣೆ) ಕೊಟ್ಟಿತು. ಮೂರನ್ನೂ ಪತ್ತೆ ಮಾಡಿ ತಿಳಿಸಿದ್ದು ಮೈಕ್ರೋಸಾಫ್ಟ್‌ನ ಥ್ರೆಟ್ ಇಂಟೆಲಿಜೆನ್ಸ್ ಸೆಂಟರ್. ಪ್ರತಿ ತೂತಿಗೂ ಸಿವಿಇ ಅಂತ ಒಂದು ನಂಬರ್ ಇರುತ್ತದೆ. ಸಿವಿಇ-2025-22224, ಗೆಸ್ಟ್ (ವಿಎಂನೊಳಗಿನ ಸಿಸ್ಟಮ್) ಒಳಗೆ ಅಡ್ಮಿನ್ ಆದವನು ಹೋಸ್ಟ್‌ನ ಮೇಲೆ ಆ ವಿಎಂ ಓಡಿಸುವ ವಿಎಂಎಕ್ಸ್ ಪ್ರೋಸೆಸ್‌ನಲ್ಲಿ ಕೋಡ್ ಓಡಿಸಬಹುದು. ಸಿವಿಇ-2025-22225, ಆ ವಿಎಂಎಕ್ಸ್‌ನ ಬೇಲಿ ಹಾರಿ ಹೋಸ್ಟ್‌ನ ತಿರುಳಾದ ಕರ್ನಲ್‌ಗೆ ಕೈ ಹಾಕಬಹುದು. ಸಿವಿಇ-2025-22226, ವಿಎಂಎಕ್ಸ್‌ನ ಮೆಮೊರಿಯಿಂದ ಮಾಹಿತಿ ಸೋರುತ್ತದೆ. ಹತ್ತಕ್ಕೆ ಎಷ್ಟು ಅಪಾಯ ಅನ್ನುವ ಸ್ಕೋರ್ ಕ್ರಮವಾಗಿ 9.3, 8.2, 7.1. ಬಿಡಿಬಿಡಿಯಾಗಿ ನೋಡಿದರೆ ಕೊನೆಯದು ಅಷ್ಟೇನೂ ದೊಡ್ಡದಲ್ಲ ಅನಿಸುತ್ತದೆ. ಮೂರನ್ನೂ ಪೋಣಿಸಿದರೆ ಒಂದು ಮನೆಯಿಂದ ಇಡೀ ವಠಾರ. ಅಡ್ವೈಸರಿ ಬರುವ ಹೊತ್ತಿಗೆ ಇವುಗಳ ದುರ್ಬಳಕೆ ಶುರುವಾಗಿತ್ತು. ತಾತ್ಕಾಲಿಕ ಪರಿಹಾರ ಅಂತ ಯಾವುದೂ ಇರಲಿಲ್ಲ, ಪ್ಯಾಚ್ ಒಂದೇ ದಾರಿ. ಮುಂದಿನ ಹೆಜ್ಜೆಗಳಿಗೆ ಇದನ್ನೇ ಉದಾಹರಣೆ ಮಾಡಿಕೊಳ್ಳೋಣ.

1. ಏನಿದೆ ಅಂತ ಬರೆದಿಡಿ

ಪ್ರತಿ ಹೋಸ್ಟ್‌ಗೂ ವರ್ಷನ್ ಮತ್ತು ಬಿಲ್ಡ್ ನಂಬರ್ ಬೇಕು. ‘ಎಂಟು’ ಅಂದರೆ ಸಾಲದು. 2025ರ ಮಾರ್ಚ್‌ನ ಆ ತೂತಿಗೆ ಇಎಸ್‌ಎಕ್ಸ್‌ಐ 8.0 ಅಪ್‌ಡೇಟ್ 3ಡಿ, ಬಿಲ್ಡ್ 24585383 ಬೇಕಿತ್ತು. 7.0ಕ್ಕೆ ಅಪ್‌ಡೇಟ್ 3ಎಸ್, ಬಿಲ್ಡ್ 24585291. ನಿಮ್ಮ ನಂಬರ್ ಇದಕ್ಕಿಂತ ಚಿಕ್ಕದಾ ದೊಡ್ಡದಾ ಅನ್ನುವುದರ ಮೇಲೆ ಉತ್ತರ ನಿಂತಿದೆ. ಒಂದೇ ಎಚ್ಚರಿಕೆ: ಒಂದೇ ಸಾಲಿನ ಬಿಲ್ಡ್‌ಗಳನ್ನು ಮಾತ್ರ ಹೋಲಿಸಿ. 8.0ರಲ್ಲಿ ಅಪ್‌ಡೇಟ್ 2ರ ಸಾಲಿಗೆ ಬೇರೆ ಪ್ಯಾಚ್, ಅಪ್‌ಡೇಟ್ 3ರ ಸಾಲಿಗೆ ಬೇರೆ.

ಜೊತೆಗೆ ಇವನ್ನೂ ಬರೆದುಕೊಳ್ಳಿ: ಸರ್ವರ್ ಮಾಡೆಲ್, ಬಯೋಸ್ ವರ್ಷನ್, ಬೂಟ್ ಆಗುವುದು ಎಸ್‌ಎಸ್‌ಡಿಯಿಂದಲೋ ಎಸ್‌ಡಿ ಕಾರ್ಡ್‌ನಿಂದಲೋ, ಕೀಗಳನ್ನು ಭದ್ರವಾಗಿಡುವ ಟಿಪಿಎಂ ಚಿಪ್ ಇದೆಯಾ, ಜಿಪಿಯುವನ್ನೋ ಯುಎಸ್‌ಬಿ ಡಾಂಗಲ್ಲನ್ನೋ ನೇರ ಹಿಡಿದುಕೊಂಡಿರುವ ವಿಎಂ ಯಾವುದು. ಕೊನೆಯದು ಆಮೇಲೆ ರಾತ್ರಿ ಎರಡು ಗಂಟೆಗೆ ಕೈ ಕೊಡುತ್ತದೆ.

ಸಪೋರ್ಟ್ ಮುಗಿದ ವರ್ಷನ್‌ಗಳನ್ನು ಬೇರೆ ಬಣ್ಣದಲ್ಲಿ ಗುರುತು ಹಾಕಿ. ಇಎಸ್‌ಎಕ್ಸ್‌ಐ 6.5 ಮತ್ತು 6.7ರ ಸಪೋರ್ಟ್ 2022ರ ಅಕ್ಟೋಬರ್ 15ಕ್ಕೆ ಮುಗಿದಿದೆ, 7.0ರದ್ದು 2025ರ ಅಕ್ಟೋಬರ್ 2ಕ್ಕೆ. ಆ ಹೋಸ್ಟ್‌ಗಳಿಗೆ ಬೇಕಾದದ್ದು ಪ್ಯಾಚ್‌ಗಿಂತ ಹೆಚ್ಚಾಗಿ ಅಪ್‌ಗ್ರೇಡ್. ಅದು ಬೇರೆ ಪ್ರಾಜೆಕ್ಟ್, ಬೇರೆ ಬಜೆಟ್.

2. ಅಡ್ವೈಸರಿಯನ್ನು ಸ್ಕೋರ್ ನೋಡಿ ಓದಬೇಡಿ

ನಾನು ಮೊದಲು ನೋಡುವುದು ಕಳ್ಳ ಯಾವ ಕಡೆಯಿಂದ ಬರಬೇಕು ಅಂತ. ನೆಟ್‌ವರ್ಕ್‌ನಿಂದ ನೇರ ಹೋಸ್ಟ್‌ಗಾ? ಗೆಸ್ಟ್ ಒಳಗಿನಿಂದಲಾ? ಮ್ಯಾನೇಜ್‌ಮೆಂಟ್ ಲಾಗಿನ್ ಮೂಲಕವಾ?

ನೆಟ್‌ವರ್ಕ್‌ನಿಂದ ಬರುವುದು ಎಲ್ಲಕ್ಕಿಂತ ತುರ್ತು. 2023ರ ಫೆಬ್ರವರಿ 3ರಿಂದ ಇಎಸ್‌ಎಕ್ಸ್‌ಐಆರ್ಗ್ಸ್ ಅನ್ನುವ ರ‍್ಯಾನ್ಸಮ್‌ವೇರ್ ಸಾವಿರಾರು ಇಎಸ್‌ಎಕ್ಸ್‌ಐ ಹೋಸ್ಟ್‌ಗಳನ್ನು ಲಾಕ್ ಮಾಡಿತು. ಫ್ರಾನ್ಸ್‌ನ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಎಫ್‌ಆರ್ ಬೆರಳು ತೋರಿಸಿದ್ದು ಸಿವಿಇ-2021-21974ರ ಕಡೆಗೆ, ಅಂದರೆ 427ನೇ ಪೋರ್ಟ್‌ನಲ್ಲಿ ಕೇಳುವ ಓಪನ್‌ಎಸ್‌ಎಲ್‌ಪಿ ಸರ್ವೀಸ್‌ನ ತೂತಿಗೆ. ಅದರ ಪ್ಯಾಚ್ ಬಂದದ್ದು 2021ರ ಫೆಬ್ರವರಿ 23ಕ್ಕೆ. ಹತ್ತಿರ ಹತ್ತಿರ ಎರಡು ವರ್ಷ! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ಆ ವಾರ ಎಲ್ಲರೂ ಪ್ಯಾಚ್ ಹಾಕಲು ಓಡಿದರು.

ಗೆಸ್ಟ್ ಒಳಗಿನಿಂದ ಬರುವುದಾದರೆ ನಿಮ್ಮ ವಿಎಂಗಳ ಒಳಗೆ ಯಾರಿಗೆ ಅಡ್ಮಿನ್ ಹಕ್ಕಿದೆ ಅಂತ ಕೇಳಿಕೊಳ್ಳಿ. ಡೆವಲಪರ್‌ಗಳಿಗೆ ರೂಟ್ (ಪೂರ್ತಿ ಹಕ್ಕು) ಕೊಟ್ಟ ಟೆಸ್ಟ್ ವಿಎಂಗಳು, ಹೊರಗಿನ ಗ್ರಾಹಕರಿಗೆ ಬಾಡಿಗೆಗೆ ಕೊಟ್ಟ ವಿಎಂಗಳು ಇರುವ ಹೋಸ್ಟ್ ಮೊದಲು. ಇಂಟರ್‌ನೆಟ್‌ಗೆ ಮುಖ ಮಾಡಿದ ವೆಬ್ ಸರ್ವರ್ ಇರುವ ಹೋಸ್ಟ್ ಕೂಡ ಅದೇ ಸಾಲಿಗೆ ಸೇರುತ್ತದೆ. ವೆಬ್ ಸರ್ವರ್‌ನಲ್ಲಿ ರೂಟ್ ಆದವನಿಗೆ ಮುಂದಿನ ಮೆಟ್ಟಿಲು ಹೋಸ್ಟ್ ತಾನೇ.

ಆಮೇಲೆ ನೋಡುವುದು ಇದು ಈಗಾಗಲೇ ದುರ್ಬಳಕೆ ಆಗುತ್ತಿದೆಯಾ ಅಂತ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇಂಥ ತೂತುಗಳ ಪಟ್ಟಿ ಇಟ್ಟಿದೆ, ನಮ್ಮ ಸರ್ಟ್-ಇನ್ ಕೂಡ ಎಚ್ಚರಿಕೆ ಕೊಡುತ್ತದೆ. ಪಟ್ಟಿಯಲ್ಲಿ ಹೆಸರು ಬಂದಿದ್ದರೆ ನನ್ನ ಲೆಕ್ಕದಲ್ಲಿ ವಾರಾಂತ್ಯದವರೆಗೆ ಕಾಯುವ ಮಾತಿಲ್ಲ. ಬಂದಿಲ್ಲ ಅಂದರೆ, ಗೆಸ್ಟ್ ಒಳಗಿನಿಂದ ಮಾತ್ರ ಆಗುವುದಾದರೆ, ಎರಡು ವಾರದೊಳಗೆ ಒಂದು ರಾತ್ರಿ ನೋಡಿಕೊಳ್ಳುತ್ತೇನೆ. ಇದು ನಿಯಮ ಅಂತಲ್ಲ, ನನ್ನ ರೂಢಿ.

3. ರೀಬೂಟ್‌ಗೆ ಮೊದಲು ಲಾಗ್ ಎತ್ತಿಟ್ಟುಕೊಳ್ಳಿ

ಇದನ್ನು ಮಾಡುವವರು ಕಡಿಮೆ. ದುರ್ಬಳಕೆ ಆಗುತ್ತಿರುವ ತೂತು ಅಂದ ಮೇಲೆ, ನೀವು ಪ್ಯಾಚ್ ಹಾಕುವ ಮೊದಲೇ ಯಾರೋ ಬಂದು ಹೋಗಿರಬಹುದು. ಎಸ್‌ಡಿ ಕಾರ್ಡ್ ಅಥವಾ ಯುಎಸ್‌ಬಿಯಿಂದ ಬೂಟ್ ಆಗುವ ಇಎಸ್‌ಎಕ್ಸ್‌ಐ ಬಹಳ ಸಲ ಲಾಗ್‌ಗಳನ್ನು ರ‍್ಯಾಮ್‌ನಲ್ಲೇ ಇಟ್ಟಿರುತ್ತದೆ. ರೀಬೂಟ್ ಮಾಡಿದರೆ ಎಲ್ಲಾ ಮಾಯ. ಕಳ್ಳನ ಹೆಜ್ಜೆ ಗುರುತನ್ನು ನೀವೇ ಗುಡಿಸಿ ಹಾಕಿದ ಹಾಗೆ.

ಹೋಸ್ಟ್ ಕ್ಲೈಂಟ್‌ನಲ್ಲಿ (ಹೋಸ್ಟ್‌ನ ವೆಬ್ ಪುಟ) ಸಪೋರ್ಟ್ ಬಂಡಲ್, ಅಂದರೆ ಲಾಗ್‌ಗಳ ಗಂಟು, ತೆಗೆದು ಬೇರೆ ಕಡೆ ಇಡಿ. ಆಮೇಲಾದರೂ ಎಲ್ಲಾ ಹೋಸ್ಟ್‌ಗಳ ಲಾಗ್ ಬೇರೆ ಸಿಸ್‌ಲಾಗ್ ಸರ್ವರ್‌ಗೆ ಹೋಗುವ ಹಾಗೆ ಮಾಡಿ. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಭಾರತದ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ದಾಳಿ ಆಗಿದೆ ಅಂತ ಗೊತ್ತಾದರೆ 6 ಗಂಟೆಯೊಳಗೆ ತಿಳಿಸಬೇಕು. ಆ ಹೊತ್ತಿಗೆ ಕೈಯಲ್ಲಿ ಲಾಗ್ ಇಲ್ಲದಿದ್ದರೆ ತಿಳಿಸುವುದು ಏನನ್ನು?

4. ಜಾಗದ ಲೆಕ್ಕ

ಒಂದು ಹೋಸ್ಟ್ ಖಾಲಿ ಮಾಡಿದರೆ ಅದರ ವಿಎಂಗಳು ಉಳಿದವುಗಳಲ್ಲಿ ಹಿಡಿಸಬೇಕು. ಮೂರು ಹೋಸ್ಟ್, ಪ್ರತಿಯೊಂದರಲ್ಲೂ 512 ಜಿಬಿ ರ‍್ಯಾಮ್ ಅಂದುಕೊಳ್ಳಿ. ಎಲ್ಲಾ ವಿಎಂ ಸೇರಿ 1,100 ಜಿಬಿ ತಿನ್ನುತ್ತಿವೆ. ಮೂರೂ ನಿಂತಿರುವಾಗ 1,536 ಜಿಬಿ ಇದೆ, ನೆಮ್ಮದಿ. ಒಂದು ಹೊರಗೆ ಹೋದರೆ ಉಳಿಯುವುದು 1,024. ಅದರಲ್ಲೂ ಹೋಸ್ಟ್‌ಗಳು ತಮ್ಮ ಪಾಲು ಇಟ್ಟುಕೊಳ್ಳುತ್ತವೆ. 76 ಜಿಬಿಗಿಂತ ಜಾಸ್ತಿ ಹೊರೆ ಇಳಿಸದೆ ಈ ಕೆಲಸ ಶುರುವೇ ಆಗುವುದಿಲ್ಲ.

ಇಂಥ ಕಡೆ ಏನು ಆಫ್ ಮಾಡಬಹುದು ಅಂತ ಮೊದಲೇ ಮಾತಾಡಿಕೊಳ್ಳಬೇಕು. ಟೆಸ್ಟ್ ವಿಎಂಗಳು, ಯಾರೂ ಕೇಳದ ಹಳೇ ರಿಪೋರ್ಟಿಂಗ್ ಸರ್ವರ್, ಹೆಸರಿನ ಕೊನೆಗೆ ‘ಓಲ್ಡ್’ ಅಂತ ಇರುವ ನಾಲ್ಕು ವಿಎಂ. ಪ್ರತಿ ಕಂಪನಿಯಲ್ಲೂ ಇವು ಇರುತ್ತವೆ, ಅಲ್ವಾ? ಪ್ಯಾಚ್ ಹಾಕುವ ನೆಪದಲ್ಲಿ ಇವನ್ನು ಆಫ್ ಮಾಡಿ. ಒಂದು ತಿಂಗಳು ಯಾರೂ ಕೇಳದಿದ್ದರೆ ಮತ್ತೆ ಆನ್ ಮಾಡಬೇಡಿ.

ಒಂದೇ ಹೋಸ್ಟ್ ಇರುವವರಿಗೆ ಈ ಲೆಕ್ಕ ಇಲ್ಲ, ಡೌನ್‌ಟೈಮ್ ತೆಗೆದುಕೊಳ್ಳಲೇಬೇಕು. ‘ಅಮೆಜಾನ್ ಥರ ಆಫ್ ಮಾಡದೇ ಮಾಡೋಕಾಗಲ್ವಾ’ ಅಂತ ಬಾಸ್ ಕೇಳಿದರೆ ಈ ಕಥೆ ಹೇಳಿ. 2014ರ ಸೆಪ್ಟೆಂಬರ್ ಕೊನೆಯಲ್ಲಿ ಝೆನ್‌ನ ಒಂದು ತೂತಿಗಾಗಿ ಅಮೆಜಾನ್ ಕೂಡ ತನ್ನ ಇಸಿ2 ಸರ್ವರ್‌ಗಳಲ್ಲಿ ಒಂದು ಭಾಗವನ್ನು ರೀಬೂಟ್ ಮಾಡಬೇಕಾಯಿತು. ಆ ಭಾಗ ಶೇ. 10ಕ್ಕಿಂತ ಕಮ್ಮಿ, ನಿಜ. ಆದರೂ ಗ್ರಾಹಕರಿಗೆ ನೋಟಿಸ್ ಹೋಗಿತ್ತು.

5. ಬ್ಯಾಕಪ್, ಆಮೇಲೆ ಒಂದು ಖಾಲಿ ರೀಬೂಟ್

ವಿಎಂಗಳ ಬ್ಯಾಕಪ್ ಇದೆ ಅಂದುಕೊಂಡಿದ್ದೇನೆ. ಇಲ್ಲಿ ಬೇಕಾದದ್ದು ಹೋಸ್ಟ್‌ನ ಕಾನ್ಫಿಗರೇಷನ್ ಬ್ಯಾಕಪ್. ಇಎಸ್‌ಎಕ್ಸ್‌ಐನಲ್ಲಿ ಒಂದು ಕಮಾಂಡ್‌ಗೆ ಚಿಕ್ಕ ಫೈಲ್ ಸಿಗುತ್ತದೆ. ಅದನ್ನು ವಾಪಸ್ ಹಾಕಬೇಕಾದರೆ ಅದೇ ಬಿಲ್ಡ್ ನಂಬರ್‌ನ ಇಎಸ್‌ಎಕ್ಸ್‌ಐ ಇರಬೇಕು. ಹಾಗಾಗಿ ಫೈಲ್‌ನ ಹೆಸರಲ್ಲೇ ಬಿಲ್ಡ್ ನಂಬರ್ ಸೇರಿಸಿ. ಟಿಪಿಎಂ ಇರುವ ಹೋಸ್ಟ್‌ನಲ್ಲಿ 7.0 ಅಪ್‌ಡೇಟ್ 2ರಿಂದ ಕಾನ್ಫಿಗರೇಷನ್ ಎನ್‌ಕ್ರಿಪ್ಟ್ ಆಗಿರುತ್ತದೆ. ಅದರ ರಿಕವರಿ ಕೀ ಬರೆದಿಡಿ, ಆ ಹೋಸ್ಟ್‌ನ ಮೇಲಿರುವ ಯಾವುದೋ ವಿಎಂನಲ್ಲಿ ಮಾತ್ರ ಇಡಬೇಡಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಈಟಿಸಿ ಫೋಲ್ಡರ್ ಪೂರ್ತಿ ನಕಲು ಮಾಡಿದರೆ ಸಾಕು. ಕ್ಲಸ್ಟರ್‌ನ (ಒಟ್ಟಿಗೆ ಕಟ್ಟಿದ ಹೋಸ್ಟ್‌ಗಳ ಗುಂಪು) ಸೆಟ್ಟಿಂಗ್‌ಗಳು ಅದರೊಳಗಿನ ಪಿವಿಇ ಫೋಲ್ಡರ್‌ನಲ್ಲೇ ಇರುತ್ತವೆ.

ಈಗ ಖಾಲಿ ರೀಬೂಟ್. ಹೋಸ್ಟ್ ಖಾಲಿ ಮಾಡಿದ ಮೇಲೆ, ಪ್ಯಾಚ್ ಹಾಕುವ ಮೊದಲು, ಒಮ್ಮೆ ಸುಮ್ನೆ ರೀಬೂಟ್ ಮಾಡಿ. ಹುಚ್ಚು ಅನಿಸಬಹುದು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಂದು ಹೋಸ್ಟ್ ನಾನೂರಕ್ಕೂ ಹೆಚ್ಚು ದಿನ ರೀಬೂಟ್ ಆಗದೆ ಓಡಿತ್ತು. ಅದೊಂದು ಹೆಮ್ಮೆಯ ವಿಷಯ ಬೇರೆ ಆಗಿತ್ತು ನಮಗೆ. ಪ್ಯಾಚ್ ಹಾಕಿ ರೀಬೂಟ್ ಒತ್ತಿದೆ. ಕನ್ಸೋಲ್‌ನಲ್ಲಿ ‘ಬೂಟ್ ಡಿವೈಸ್ ಸಿಗುತ್ತಿಲ್ಲ’ ಅಂತ ಬಂತು. ರಾತ್ರಿ ಒಂದೂವರೆ ಗಂಟೆ. ಪ್ಯಾಚ್ ಹಾಳು ಮಾಡಿತು ಅಂದುಕೊಂಡು ಎರಡು ಗಂಟೆ ಪ್ಯಾಚ್‌ನ ಹಿಂದೆ ಬಿದ್ದೆ. ಬೆಳಿಗ್ಗೆ ಡೇಟಾ ಸೆಂಟರ್‌ಗೆ ಹೋಗಿ ಮುಚ್ಚಳ ತೆಗೆದು ನೋಡಿದರೆ ಒಳಗಿನ ಎಸ್‌ಡಿ ಕಾರ್ಡ್ ಸತ್ತಿತ್ತು. ಯಾವಾಗ ಸತ್ತಿತೋ ದೇವರಿಗೇ ಗೊತ್ತು. ಇಎಸ್‌ಎಕ್ಸ್‌ಐ ಮೆಮೊರಿಯಲ್ಲೇ ಓಡುತ್ತಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಮೊದಲೇ ಖಾಲಿ ರೀಬೂಟ್ ಮಾಡಿದ್ದರೆ ಇದು ಹಾರ್ಡ್‌ವೇರ್ ತೊಂದರೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಈಗ ದೊಡ್ಡ ಸರ್ವರ್‌ಗಳಲ್ಲಿ ಅದಕ್ಕೆ ಹೆಚ್ಚಾಗಿ ಹಿಡಿಯುವ ಹದಿನೈದು ನಿಮಿಷಕ್ಕೆ ನಾನು ಗೊಣಗುವುದಿಲ್ಲ.

6. ಇಎಸ್‌ಎಕ್ಸ್‌ಐ: ಕ್ಲಸ್ಟರ್ ಇದ್ದರೆ

ಹೋಸ್ಟ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವಿಸೆಂಟರ್ ಯಾವತ್ತೂ ಹೋಸ್ಟ್‌ಗಿಂತ ಹಳೆಯದಾಗಿರಬಾರದು. ಮೊದಲು ಅದರ ವರ್ಷನ್ ನೋಡಿ. ಹಳೆಯದಾಗಿದ್ದರೆ ಬ್ಯಾಕಪ್ ಮಾಡಿ ಅದನ್ನೇ ಮೊದಲು ಅಪ್‌ಡೇಟ್ ಮಾಡಿ. ಪ್ಯಾಚ್ ಡೌನ್‌ಲೋಡ್ ಆಗುತ್ತಿಲ್ಲ ಅಂದರೆ ಗಾಬರಿ ಬೇಡ. 2025ರ ಏಪ್ರಿಲ್ ಕೊನೆಯಿಂದ ಬ್ರಾಡ್‌ಕಾಮ್ ಡೌನ್‌ಲೋಡ್ ವಿಳಾಸವನ್ನೇ ಬದಲಿಸಿದೆ. ಈಗ ನಿಮ್ಮ ಅಕೌಂಟ್‌ನಿಂದ ಒಂದು ಟೋಕನ್ ತೆಗೆದು ಆ ವಿಳಾಸದೊಳಗೆ ಸೇರಿಸಬೇಕು. ಇದನ್ನು ಪ್ಯಾಚ್ ರಾತ್ರಿಗೆ ಇಟ್ಟುಕೊಳ್ಳಬೇಡಿ, ಹಗಲಲ್ಲೇ ಮುಗಿಸಿ.

ವಿಸೆಂಟರ್‌ನಲ್ಲಿ ಕ್ಲಸ್ಟರ್ ಆರಿಸಿ, ಅಪ್‌ಡೇಟ್ಸ್ ಟ್ಯಾಬ್‌ನಲ್ಲಿ ಇಮೇಜ್‌ಗೆ ಹೋಗಿ. ಎಡಿಟ್ ಒತ್ತಿ ಬೇಕಾದ ಬಿಲ್ಡ್ ಆರಿಸಿ. ಕೆಳಗೆ ವೆಂಡರ್ ಆಡ್-ಆನ್ ಅಂತ ಇರುತ್ತದೆ. ಡೆಲ್, ಎಚ್‌ಪಿಇ, ಲೆನೊವೊ ಯಾವುದಿದ್ದರೂ ಅದನ್ನು ಬಿಡಬೇಡಿ. ನೆಟ್‌ವರ್ಕ್ ಕಾರ್ಡ್ ಮತ್ತು ರೇಡ್ ಕಾರ್ಡ್‌ನ ಡ್ರೈವರ್‌ಗಳು ಅದರಲ್ಲೇ ಬರುವುದು. ವ್ಯಾಲಿಡೇಟ್ ಮಾಡಿ, ಸೇವ್ ಮಾಡಿ, ಕಂಪ್ಲಯನ್ಸ್ ಚೆಕ್ ಓಡಿಸಿ.

ಆಮೇಲೆ ಪ್ರೀ-ಚೆಕ್ ಓಡಿಸಿ. ಇದು ಕೊಡುವ ಎಚ್ಚರಿಕೆಗಳನ್ನು ಕಣ್ಣುಮುಚ್ಚಿ ದಾಟಬೇಡಿ, ಮೇಂಟೆನೆನ್ಸ್ ಮೋಡ್ (ಹೋಸ್ಟ್ ಖಾಲಿ ಮಾಡುವ ಸ್ಥಿತಿ) ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಮೊದಲೇ ಹೇಳುವುದು ಇದೇ. ನನಗೆ ಅತಿ ಹೆಚ್ಚು ಸಲ ಸಿಕ್ಕ ಕಾರಣ ಬಲು ಸಣ್ಣದು: ಯಾರೋ ಆರು ತಿಂಗಳ ಹಿಂದೆ ವಿಎಂಗೆ ಹಾಕಿ ತೆಗೆಯದೇ ಬಿಟ್ಟ ಐಎಸ್‌ಒ (ಸಿಡಿಯ ನಕಲು) ಫೈಲ್. ಆ ಫೈಲ್ ಹೋಸ್ಟ್‌ನ ಲೋಕಲ್ ಡಿಸ್ಕ್‌ನಲ್ಲಿದ್ದರೆ ವಿಎಂ ಕದಲುವುದಿಲ್ಲ. ಇನ್ನು ಜಿಪಿಯು, ಡಾಂಗಲ್ ಹಿಡಿದುಕೊಂಡ ವಿಎಂಗಳು. ಅವನ್ನು ಆಫ್ ಮಾಡಲೇಬೇಕು, ಬೇರೆ ದಾರಿ ಇಲ್ಲ. ‘ಈ ಎರಡು ವಿಎಂ ಒಂದೇ ಹೋಸ್ಟ್‌ನಲ್ಲಿ ಇರಬಾರದು’ ಅನ್ನುವ ರೂಲ್ ಕೂಡ ಎರಡೇ ಹೋಸ್ಟ್ ಇದ್ದಾಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಎಲ್ಲಾ ಹಸಿರಾದ ಮೇಲೆ ಸ್ಟೇಜ್ ಒತ್ತಿ. ಪ್ಯಾಚ್ ಫೈಲ್‌ಗಳು ಹೋಸ್ಟ್‌ಗೆ ಬಂದು ಕೂರುತ್ತವೆ, ಇನ್‌ಸ್ಟಾಲ್ ಆಗುವುದಿಲ್ಲ. ಇದನ್ನೂ ಹಗಲಲ್ಲೇ ಮಾಡಿಟ್ಟರೆ ರಾತ್ರಿಯ ಕೆಲಸ ಹಗುರ. ರಾತ್ರಿ ಒಂದೇ ಒಂದು ಹೋಸ್ಟ್‌ಗೆ ರೆಮಿಡಿಯೇಟ್ (ಪ್ಯಾಚ್ ಹಾಕುವ ಬಟನ್) ಕೊಡಿ. ‘ಎಲ್ಲಾ ಹೋಸ್ಟ್‌ಗೂ’ ಅನ್ನುವ ಬಟನ್ ಪಕ್ಕದಲ್ಲೇ ಇರುತ್ತದೆ, ಕೈ ಅತ್ತ ಹೋಗದಿರಲಿ. ವಿಎಂಗಳನ್ನು ಹೋಸ್ಟ್‌ಗಳಿಗೆ ಹಂಚುವ ಡಿಆರ್‌ಎಸ್ ಪೂರ್ತಿ ಆಟೋಮ್ಯಾಟಿಕ್ ಆಗಿದ್ದರೆ ವಿಎಂಗಳು ತಾವೇ ಜಾಗ ಬಿಡುತ್ತವೆ. ಡಿಆರ್‌ಎಸ್ ಇಲ್ಲದ ಲೈಸೆನ್ಸ್ ಇದ್ದರೆ ನೀವೇ ಒಂದೊಂದಾಗಿ ವಿಮೋಷನ್ (ಆಫ್ ಮಾಡದೆ ಬೇರೆ ಹೋಸ್ಟ್‌ಗೆ ಸಾಗಿಸುವುದು) ಮಾಡಬೇಕು. ಹೋಸ್ಟ್‌ಗಳ ಡಿಸ್ಕ್‌ಗಳನ್ನೇ ಸೇರಿಸಿ ಮಾಡಿದ ಸ್ಟೋರೇಜ್, ಅಂದರೆ ವಿಸ್ಯಾನ್ ಇದ್ದರೆ ಡೇಟಾ ಬಗ್ಗೆ ಕೇಳಿದಾಗ ‘ಎನ್ಶೂರ್ ಆಕ್ಸೆಸಿಬಿಲಿಟಿ’ ಸಾಕಾಗುತ್ತದೆ. ಆದರೆ ಒಂದು ಹೋಸ್ಟ್ ಮೇಲೆ ಬಂದು, ರೀಸಿಂಕ್ (ಡೇಟಾ ಮತ್ತೆ ಸರಿಹೊಂದುವುದು) ಪೂರ್ತಿ ಮುಗಿಯುವವರೆಗೆ ಎರಡನೆಯದನ್ನು ಮುಟ್ಟಬೇಡಿ.

ಮೊದಲ ಹೋಸ್ಟ್ ವಾಪಸ್ ಬಂದ ಮೇಲೆ ಮುಖ್ಯವಲ್ಲದ ಎರಡು ಮೂರು ವಿಎಂಗಳನ್ನು ಅದರ ಮೇಲೆ ತನ್ನಿ. ಪಿಂಗ್ ಬರುತ್ತಿದೆಯಾ, ಸ್ಟೋರೇಜ್‌ನ ಎಲ್ಲಾ ಪಾತ್‌ಗಳೂ ಕಾಣುತ್ತಿವೆಯಾ, ನೆಟ್‌ವರ್ಕ್ ಕಾರ್ಡ್‌ಗಳೆಲ್ಲ ಮೇಲೆದ್ದಿವೆಯಾ ನೋಡಿ. ಒಂದು ಗಂಟೆ ಬಿಡಿ. ಕಾಫಿ ಕುಡಿಯಿರಿ. ಆಮೇಲೆ ಮುಂದಿನದು.

ಒಂಟಿ ಹೋಸ್ಟ್ ಇದ್ದರೆ

ವಿಸೆಂಟರ್ ಇಲ್ಲದ ಹೋಸ್ಟ್‌ಗೆ ಪ್ಯಾಚ್‌ನ ಜಿಪ್ ಫೈಲ್ ಅನ್ನು ಡೇಟಾಸ್ಟೋರ್‌ಗೆ ಹಾಕಿ. ವಿಎಂಗಳನ್ನು ಶಟ್‌ಡೌನ್ ಮಾಡಿ, ಮೇಂಟೆನೆನ್ಸ್ ಮೋಡ್‌ಗೆ ಹೋಗಿ, ಎಸ್‌ಎಸ್‌ಎಚ್ ಮೂಲಕ ಇಎಸ್‌ಎಕ್ಸ್‌ಸಿಎಲ್‌ಐ ಕಮಾಂಡ್ ಓಡಿಸಿ. ಇಲ್ಲಿ ಎಡವುವ ಜಾಗ ಒಂದಿದೆ. ಸಾಫ್ಟ್‌ವೇರ್ ಪ್ರೊಫೈಲ್ ಅಡಿಯಲ್ಲಿ ‘ಅಪ್‌ಡೇಟ್’ ಅಂತ ಒಂದು, ‘ಇನ್‌ಸ್ಟಾಲ್’ ಅಂತ ಇನ್ನೊಂದು. ನಿಮಗೆ ಬೇಕಾದದ್ದು ಅಪ್‌ಡೇಟ್. ಇನ್‌ಸ್ಟಾಲ್ ಕೊಟ್ಟರೆ ಹೊಸ ಪ್ರೊಫೈಲ್‌ನಲ್ಲಿ ಇಲ್ಲದ್ದನ್ನೆಲ್ಲ ಅದು ಕಿತ್ತು ಹಾಕುತ್ತದೆ, ನಿಮ್ಮ ವೆಂಡರ್ ಡ್ರೈವರ್ ಸಮೇತ. ಮೊದಲು ಡ್ರೈ-ರನ್ ಸೇರಿಸಿ ಓಡಿಸಿ, ಯಾವ ಪ್ಯಾಕೇಜ್ ಬರುತ್ತದೆ, ಯಾವುದು ಹೋಗುತ್ತದೆ ಓದಿ. ಆಮೇಲೆ ಅಸಲಿ ಕಮಾಂಡ್, ರೀಬೂಟ್. ಮೇಲೆದ್ದ ಮೇಲೆ ಎಸ್‌ಎಸ್‌ಎಚ್ ಆಫ್ ಮಾಡುವುದನ್ನು ಮರೆಯಬೇಡಿ.

ಹೋಸ್ಟ್ ಸರಿಯಾಗಿ ಏಳಲಿಲ್ಲ ಅಂದರೆ? ಇಎಸ್‌ಎಕ್ಸ್‌ಐ ಹಳೆಯ ಕಾಪಿಯನ್ನು ಇನ್ನೊಂದು ಬೂಟ್‌ಬ್ಯಾಂಕ್‌ನಲ್ಲಿ ಇಟ್ಟಿರುತ್ತದೆ. ಬೂಟ್ ಶುರುವಾಗುವಾಗ ಶಿಫ್ಟ್ ಜೊತೆ ಆರ್ ಒತ್ತಿದರೆ ಅದಕ್ಕೆ ವಾಪಸ್ ಹೋಗಬಹುದು. ಆ ಕ್ಷಣ ಕೆಲವೇ ಸೆಕೆಂಡ್ ಇರುತ್ತದೆ. ಅದಕ್ಕೇ ಸರ್ವರ್‌ನ ಪರದೆಯನ್ನು ದೂರದಿಂದ ತೋರಿಸುವ ಐಡ್ರ್ಯಾಕ್ ಅಥವಾ ಐಎಲ್‌ಒ ಕನ್ಸೋಲ್ ತೆರೆದಿಟ್ಟುಕೊಂಡೇ ರೀಬೂಟ್ ಒತ್ತಿ.

7. ಪ್ರಾಕ್ಸ್‌ಮಾಕ್ಸ್

ಮೊದಲು ರೆಪೊಸಿಟರಿ, ಅಂದರೆ ಅಪ್‌ಡೇಟ್‌ಗಳು ಬರುವ ಜಾಗ. ಸಬ್‌ಸ್ಕ್ರಿಪ್ಷನ್ ಕೊಳ್ಳದೆ ಬಳಸುವವರಿಗೆ ಎಂಟರ್‌ಪ್ರೈಸ್ ರೆಪೊಸಿಟರಿಯಿಂದ 401 ಎರರ್ ಬರುತ್ತದೆ. ಎಷ್ಟೋ ಜನ ಆ ಎರರ್ ನೋಡಿ ನೋಡಿ ಅಭ್ಯಾಸವಾಗಿ ಬಿಟ್ಟುಬಿಟ್ಟಿರುತ್ತಾರೆ, ತಿಂಗಳಾನುಗಟ್ಟಲೆ ಒಂದೂ ಅಪ್‌ಡೇಟ್ ಬಂದಿರುವುದಿಲ್ಲ. ನೋಡ್ (ಇಲ್ಲಿ ಹೋಸ್ಟ್‌ಗೆ ಹೀಗನ್ನುತ್ತಾರೆ) ಆರಿಸಿ, ಅಪ್‌ಡೇಟ್ಸ್ ಕೆಳಗಿನ ರೆಪೊಸಿಟರೀಸ್‌ನಲ್ಲಿ ಅದನ್ನು ಡಿಸೇಬಲ್ ಮಾಡಿ ನೋ-ಸಬ್‌ಸ್ಕ್ರಿಪ್ಷನ್ ಸೇರಿಸಿ. ಗಂಭೀರ ಕೆಲಸಕ್ಕೆ ಬಳಸುತ್ತಿದ್ದರೆ ಸಬ್‌ಸ್ಕ್ರಿಪ್ಷನ್ ಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಯಾವ ನೋಡ್‌ನಲ್ಲಿ ವಿಎಂ ಕಮ್ಮಿ ಇವೆಯೋ ಅದರಿಂದ ಶುರು ಮಾಡಿ. ನೋಡ್ ಹೆಸರಿನ ಮೇಲಿರುವ ಬಲ್ಕ್ ಆಕ್ಷನ್ಸ್‌ನಲ್ಲಿ ಬಲ್ಕ್ ಮೈಗ್ರೇಟ್ ಕೊಟ್ಟರೆ ವಿಎಂಗಳು ಬೇರೆ ನೋಡ್‌ಗೆ ಹೋಗುತ್ತವೆ. ಕಂಟೇನರ್‌ಗಳು ಹೀಗೆ ಓಡುತ್ತಾ ಓಡುತ್ತಾ ಹೋಗುವುದಿಲ್ಲ, ಒಮ್ಮೆ ನಿಂತು ಆ ಕಡೆ ಶುರುವಾಗುತ್ತವೆ. ಅವು ಹೋಸ್ಟ್‌ನ ಕರ್ನಲ್ಲನ್ನೇ ಹಂಚಿಕೊಳ್ಳುವುದರಿಂದ ಅಷ್ಟು ಸಹಿಸಿಕೊಳ್ಳಬೇಕು.

ರಿಫ್ರೆಶ್ ಒತ್ತಿ, ಅಪ್‌ಗ್ರೇಡ್ ಒತ್ತಿ. ಕಮಾಂಡ್‌ನಲ್ಲಿ ಮಾಡುವವರು ಪ್ಯಾಕೇಜ್ ಹಾಕುವ ಎಪಿಟಿಗೆ ‘ಫುಲ್-ಅಪ್‌ಗ್ರೇಡ್’ ಕೊಡಬೇಕು. ಪ್ರಾಕ್ಸ್‌ಮಾಕ್ಸ್‌ನ ಬುಡದಲ್ಲಿರುವ ಡೆಬಿಯನ್ ಲಿನಕ್ಸ್‌ನ ಅಭ್ಯಾಸದಲ್ಲಿ ಬರೀ ‘ಅಪ್‌ಗ್ರೇಡ್’ ಕೊಟ್ಟರೆ ಕೆಲವು ಪ್ಯಾಕೇಜ್‌ಗಳು ಹಿಂದೆ ಉಳಿದು ಅರ್ಧಂಬರ್ಧ ಸ್ಥಿತಿ ಆಗಬಹುದು. ಮುಗಿದ ಮೇಲೆ ರೀಬೂಟ್. ಹೊಸ ಕರ್ನಲ್‌ನಲ್ಲಿ ತೊಂದರೆ ಬಂದರೆ ಬೂಟ್ ಮೆನುವಿನಲ್ಲಿ ಹಳೇ ಕರ್ನಲ್ ಇರುತ್ತದೆ. ಮೂರು ನೋಡ್‌ಗಳ ಕ್ಲಸ್ಟರ್‌ನಲ್ಲಿ ಒಂದು ಕೆಳಗಿದ್ದಾಗ ಎರಡನೆಯದನ್ನು ಮುಟ್ಟಿದರೆ ಕೋರಂ (ನೋಡ್‌ಗಳ ಬಹುಮತ) ಹೋಗುತ್ತದೆ. ಎಚ್‌ಎ (ಬಿದ್ದ ವಿಎಂಗಳನ್ನು ತಾನೇ ಎಬ್ಬಿಸುವ ವ್ಯವಸ್ಥೆ) ಇದ್ದರೆ ಉಳಿದದ್ದೂ ತಾನೇ ರೀಬೂಟ್ ಆಗುತ್ತದೆ.

ಸಾಗಿಸುವ ದಿಕ್ಕು ಕೂಡ ಮುಖ್ಯ. ಹಳೇ ವರ್ಷನ್‌ನಿಂದ ಹೊಸದಕ್ಕೆ ಲೈವ್ ಮೈಗ್ರೇಷನ್ ನಡೆಯುತ್ತದೆ. ಹೊಸದರಿಂದ ಹಳೆಯದಕ್ಕೆ ಗ್ಯಾರಂಟಿ ಇಲ್ಲ. ಆದ್ದರಿಂದ ಮೊದಲ ನೋಡ್ ಪ್ಯಾಚ್ ಆದ ಮೇಲೆ ಎಲ್ಲವನ್ನೂ ಅದರ ಕಡೆಗೇ ತಳ್ಳುತ್ತಾ ಹೋಗಿ. ಹೀಗೆ ಮಾಡಿದರೆ ಇನ್ನೊಂದು ಲಾಭವೂ ಇದೆ. ಹೊಸ ನೋಡ್‌ಗೆ ಬಂದ ವಿಎಂ ಹೊಸ ಕ್ಯೂಎಮು ಪ್ರೋಸೆಸ್‌ನಲ್ಲೇ ಓಡುತ್ತದೆ. ಆಫ್ ಮಾಡದೆಯೇ ತೂತು ಮುಚ್ಚಿತು.

ಒಂದೇ ನೋಡ್ ಇದ್ದು, ಕರ್ನಲ್ ಬದಲಾಗದೆ ಕ್ಯೂಎಮು ಮಾತ್ರ ಬದಲಾಗಿದ್ದರೆ ಹೋಸ್ಟ್ ರೀಬೂಟ್ ಬೇಡ. ಪ್ರತಿ ವಿಎಂ ಒಮ್ಮೆ ಪೂರ್ತಿ ನಿಂತು ಶುರುವಾಗಬೇಕು ಅಷ್ಟೇ. ಗೆಸ್ಟ್ ಒಳಗೆ ವಿಂಡೋಸ್‌ನ ರೀಸ್ಟಾರ್ಟ್ ಒತ್ತಿದರೆ ಇದು ಆಗುವುದಿಲ್ಲ. ಒಳಗಿನ ವಿಂಡೋಸ್ ಹೊಸದಾಗಿ ಬೂಟ್ ಆಗುತ್ತದೆ, ಹೊರಗಿನ ಕ್ಯೂಎಮು ಪ್ರೋಸೆಸ್ ಅದೇ ಹಳೆಯದು. ಪ್ರಾಕ್ಸ್‌ಮಾಕ್ಸ್ ಪರದೆಯ ರೀಬೂಟ್ ಬಟನ್ ಬೇರೆ. ಅದು ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಮಾಡುತ್ತದೆ, ಅದು ಸರಿ. ಮೊದಲಲ್ಲಿ ಹೇಳಿದ ಒಂಬತ್ತು ವಿಎಂಗಳನ್ನೂ ಆ ಹೋಸ್ಟ್ ನೋಡಿಕೊಳ್ಳುತ್ತಿದ್ದವರು ಗೆಸ್ಟ್ ಒಳಗಿನಿಂದಲೇ ರೀಸ್ಟಾರ್ಟ್ ಮಾಡಿದ್ದರು. ತಪ್ಪು ಅವರದು ಅಂತ ಹೇಳಲು ನನಗೂ ಬಾಯಿ ಬರಲಿಲ್ಲ.

8. ಹೈಪರ್-ವಿ

ಇಲ್ಲಿ ಪ್ಯಾಚ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ನಮ್ಮ ಸಮಯ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. 2025ರ ಜನವರಿ 14ರ ಕಂತಿನಲ್ಲಿ ದುರ್ಬಳಕೆ ಆಗುತ್ತಿದ್ದ ಮೂರು ಹೈಪರ್-ವಿ ತೂತುಗಳಿದ್ದವು. ಕ್ಲಸ್ಟರ್ ಇದ್ದರೆ ಕ್ಲಸ್ಟರ್-ಅವೇರ್ ಅಪ್‌ಡೇಟಿಂಗ್ ಬಳಸಿ, ವಿಂಡೋಸ್ ಸರ್ವರ್ 2012ರಿಂದಲೂ ಇದೆ. ಒಂದೊಂದೇ ನೋಡ್ ಖಾಲಿ ಮಾಡಿ, ಪ್ಯಾಚ್ ಹಾಕಿ, ರೀಬೂಟ್ ಮಾಡಿ ಮುಂದಕ್ಕೆ ಹೋಗುತ್ತದೆ. ಲಾಗಿನ್ ಪರೀಕ್ಷಿಸುವ ಡೊಮೈನ್ ಕಂಟ್ರೋಲರ್‌ಗಳೆಲ್ಲ ಅದೇ ಕ್ಲಸ್ಟರ್‌ನ ವಿಎಂಗಳಾಗಿದ್ದರೆ ಒಂದನ್ನಾದರೂ ಹೊರಗಿಡಿ. ಇಲ್ಲದಿದ್ದರೆ ಲಾಗಿನ್ ಆಗಲು ಅವು ಬೇಕು, ಅವನ್ನು ಎಬ್ಬಿಸಲು ಲಾಗಿನ್ ಬೇಕು.

9. ಸಿಪಿಯು ತೂತುಗಳದ್ದು ಬೇರೆ ಕಥೆ

2018ರ ಜನವರಿಯ ಸ್ಪೆಕ್ಟರ್, ಮೆಲ್ಟ್‌ಡೌನ್ ಮತ್ತು ಅದೇ ವರ್ಷದ ಆಗಸ್ಟ್‌ನ ಎಲ್1ಟಿಎಫ್ ನೆನಪಿರಬಹುದು. ಇಂಥ ಹಲವು ತೂತುಗಳಿಗೆ ಸಾಫ್ಟ್‌ವೇರ್ ಪ್ಯಾಚ್ ಜೊತೆ ಮೈಕ್ರೋಕೋಡ್ (ಸಿಪಿಯು ಒಳಗಿನ ಕೋಡ್) ಕೂಡ ಬೇಕು. ಇಎಸ್‌ಎಕ್ಸ್‌ಐ ಅದನ್ನು ಪ್ಯಾಚ್ ಜೊತೆಗೇ ತರುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಡೆಬಿಯನ್‌ನ ನಾನ್-ಫ್ರೀ-ಫರ್ಮ್‌ವೇರ್ ಭಾಗ ಸೇರಿಸಿ ಇಂಟೆಲ್ ಅಥವಾ ಎಎಂಡಿಯ ಮೈಕ್ರೋಕೋಡ್ ಪ್ಯಾಕೇಜ್ ಹಾಕಬೇಕು. ಎಲ್‌ಎಸ್‌ಸಿಪಿಯು ಕಮಾಂಡ್ ಓಡಿಸಿದರೆ ಕೊನೆಯ ಸಾಲುಗಳಲ್ಲಿ ಒಂದೊಂದು ತೂತಿನ ಹೆಸರೂ ಇರುತ್ತದೆ. ಪಕ್ಕದಲ್ಲಿ ‘ಮಿಟಿಗೇಷನ್’ ಅಂತ ಇದ್ದರೆ ಸರಿ, ‘ವಲ್ನರಬಲ್’ ಅಂತ ಇದ್ದರೆ ಇನ್ನೂ ಕೆಲಸ ಇದೆ. ಸಿಪಿಯುವಿನ ಹೊಸ ಗುಣಗಳು ಗೆಸ್ಟ್‌ಗೆ ಕಾಣಬೇಕಾದರೆ ಇಲ್ಲೂ ವಿಎಂ ಒಮ್ಮೆ ಪೂರ್ತಿ ಆಫ್ ಆಗಿ ಆನ್ ಆಗಬೇಕು.

ಇವತ್ತೇ ಪ್ಯಾಚ್ ಹಾಕಲು ಆಗದಿದ್ದರೆ

ತಿಂಗಳ ಕೊನೆ, ಸಂಬಳದ ಸಾಫ್ಟ್‌ವೇರ್ ಓಡುತ್ತಿದೆ, ಇನ್ನು ಮೂರು ದಿನ ಮುಟ್ಟಬೇಡಿ ಅನ್ನುತ್ತಾರೆ. ಆಗಲಿ. ಅಷ್ಟರಲ್ಲಿ ಹೋಸ್ಟ್‌ನ ಮ್ಯಾನೇಜ್‌ಮೆಂಟ್ ವಿಳಾಸಕ್ಕೆ ಯಾರು ಯಾರು ತಲುಪಬಹುದು ನೋಡಿ. ಅದಕ್ಕೊಂದು ಬೇರೆ ವಿಲ್ಯಾನ್ (ಬೇರ್ಪಡಿಸಿದ ನೆಟ್‌ವರ್ಕ್) ಇರಬೇಕು, ಅಡ್ಮಿನ್‌ಗಳ ಒಂದೆರಡು ಮಷೀನ್‌ಗಳಿಂದ ಮಾತ್ರ ಸಿಗಬೇಕು. ಇಂಟರ್‌ನೆಟ್‌ನಿಂದ ಅಂತೂ ಸಿಗಲೇಬಾರದು. ಬೇಡದ ಸರ್ವೀಸ್ ಆಫ್ ಮಾಡಿ. ಮೇಲೆ ಹೇಳಿದ 427ನೇ ಪೋರ್ಟ್‌ನ ಎಸ್‌ಎಲ್‌ಪಿಯನ್ನು ವಿಎಂವೇರ್ ತಾನೇ 7.0 ಅಪ್‌ಡೇಟ್ 2ಸಿಯಿಂದ ಆಫ್ ಮಾಡಿಟ್ಟಿದೆ, ಹಳೇ ಹೋಸ್ಟ್‌ನಲ್ಲಿ ನೀವೇ ಮಾಡಬೇಕು. ಬೇಡದ ವರ್ಚುವಲ್ ಸಾಧನ ಕಿತ್ತುಹಾಕಿ. 2024ರ ಮಾರ್ಚ್‌ನಲ್ಲಿ ಯುಎಸ್‌ಬಿ ಕಂಟ್ರೋಲರ್‌ನ ತೂತು ಬಂದಾಗ ವಿಎಂನಿಂದ ಆ ಕಂಟ್ರೋಲರ್ ತೆಗೆಯುವುದೇ ತಾತ್ಕಾಲಿಕ ಪರಿಹಾರವಾಗಿತ್ತು.

ಹೋಸ್ಟ್ ಆಕ್ಟಿವ್ ಡೈರೆಕ್ಟರಿಗೆ (ಕಂಪನಿಯ ಬಳಕೆದಾರರ, ಗ್ರೂಪ್‌ಗಳ ಪಟ್ಟಿ) ಸೇರಿದ್ದರೆ ‘ಇಎಸ್‌ಎಕ್ಸ್ ಅಡ್ಮಿನ್ಸ್’ ಅನ್ನುವ ಗ್ರೂಪ್ ಹುಡುಕಿ. ಸಿವಿಇ-2024-37085ರ ಕಥೆ ಅದು. ಆ ಹೆಸರಿನ ಗ್ರೂಪ್ ಸೃಷ್ಟಿಸಿ ಅದರೊಳಗೆ ಸೇರಿಕೊಂಡವರಿಗೆ ಹೋಸ್ಟ್ ತಾನಾಗಿ ಪೂರ್ತಿ ಹಕ್ಕು ಕೊಟ್ಟುಬಿಡುತ್ತಿತ್ತು. ರ‍್ಯಾನ್ಸಮ್‌ವೇರ್ ಗುಂಪುಗಳು ಅದನ್ನು ಬಳಸಿದವು. 8.0 ಅಪ್‌ಡೇಟ್ 3ರಲ್ಲಿ ಸರಿಯಾಗಿದೆ. ನೀವು ಮಾಡದ ಗ್ರೂಪ್ ಅಲ್ಲಿ ಕಂಡರೆ ಪ್ಯಾಚ್ ಕೆಲಸ ಅಲ್ಲಿಗೇ ನಿಲ್ಲಿಸಿ. ಅದು ದಾಳಿ ಆಗಿರುವ ಲಕ್ಷಣ, ಸರ್ಟ್-ಇನ್‌ಗೆ ತಿಳಿಸುವ 6 ಗಂಟೆಯ ಗಡಿಯಾರ ಶುರುವಾಗಿದೆ.

10. ಆಯ್ತಾ ಅಂತ ನೋಡುವುದು

ಇಎಸ್‌ಎಕ್ಸ್‌ಐನಲ್ಲಿ ಸುಲಭ. ಹೋಸ್ಟ್ ರೀಬೂಟ್ ಆಗಿರುವುದರಿಂದ ಎಲ್ಲಾ ವಿಎಂಎಕ್ಸ್ ಪ್ರೋಸೆಸ್‌ಗಳೂ ಹೊಸವೇ. ಬಿಲ್ಡ್ ನಂಬರ್ ಅನ್ನು ಅಡ್ವೈಸರಿಯ ನಂಬರ್ ಜೊತೆ ಅಂಕಿ ಅಂಕಿ ಹಿಡಿದು ಹೋಲಿಸಿ. ಒಂದು ಹೋಸ್ಟ್ ಬಿಟ್ಟುಹೋಗಿಲ್ಲ ತಾನೇ ಅಂತ ಮೊದಲ ಹೆಜ್ಜೆಯ ಪಟ್ಟಿ ನೋಡಿ. ವಿಸೆಂಟರ್‌ಗೆ ಸೇರಿಸದೆ ಮೂಲೆಯಲ್ಲಿ ಕೂತಿರುವ ಬ್ಯಾಕಪ್ ಹೋಸ್ಟ್ ಒಂದಾದರೂ ಇದ್ದೇ ಇರುತ್ತದೆ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಕ್ಯೂಎಂ ಸ್ಟೇಟಸ್ ಕಮಾಂಡ್‌ಗೆ ವರ್ಬೋಸ್ ಸೇರಿಸಿದರೆ ‘ರನ್ನಿಂಗ್-ಕ್ಯೂಎಮು’ ಅಂತ ಒಂದು ಸಾಲು ಬರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಸೆಕ್ಯುರಿಟಿ ಪ್ಯಾಚ್ ಬಂದಾಗ ಬಹಳ ಸಲ ಪ್ಯಾಕೇಜ್‌ನ ಕೊನೆಯ ಅಂಕಿ ಮಾತ್ರ ಬದಲಾಗುತ್ತದೆ, ಆ ಸಾಲಿನಲ್ಲಿ ಅದು ಕಾಣುವುದೇ ಇಲ್ಲ. ಗಟ್ಟಿ ಸಾಕ್ಷಿ ಸಮಯ. ಎಪಿಟಿ ಹಿಸ್ಟರಿ ಲಾಗ್‌ನಲ್ಲಿ ಕ್ಯೂಎಮು ಪ್ಯಾಕೇಜ್ ಯಾವಾಗ ಬದಲಾಯಿತು ನೋಡಿ. ಪಿಎಸ್ ಕಮಾಂಡ್‌ನಲ್ಲಿ ಪ್ರತಿ ವಿಎಂನ ಪ್ರೋಸೆಸ್ ಯಾವಾಗ ಶುರುವಾಯಿತು ನೋಡಿ. ಎರಡನೆಯದು ಮೊದಲನೆಯದಕ್ಕಿಂತ ಹಿಂದಿನದಾದರೆ ಆ ವಿಎಂ ಇನ್ನೂ ಹಳೇ ಕೋಡ್‌ನಲ್ಲೇ ಇದೆ.

ಆ ಎಕ್ಸೆಲ್ ಶೀಟ್‌ಗೆ ನಾನು ಒಂದೇ ಒಂದು ಕಾಲಂ ಸೇರಿಸಿದೆ: ‘ಹೋಸ್ಟ್‌ನ ಅತಿ ಹಳೇ ವಿಎಂ ಪ್ರೋಸೆಸ್ ಶುರುವಾದ ದಿನ’. ಆ ವಾರ ಹಸಿರಾಗಿದ್ದ ಆರು ಹೋಸ್ಟ್‌ಗಳಲ್ಲಿ ನಾಲ್ಕು ಮತ್ತೆ ಕೆಂಪಾದವು.